ಸಾಲು ಎಲ್ಲಿ, ಇಕ್ಕಟ್ಟು ಎಲ್ಲಿ? – ಗಾಣದಿಂದ ಸಕ್ಕರೆ ಕಾರ್ಖಾನೆಯವರೆಗೆ

ಕಬ್ಬು ನುರಿಸುವ ಹಂಗಾಮಿನಲ್ಲಿ ನೀವು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಯಾವ ರಸ್ತೆಯಲ್ಲಿ ಹೋದರೂ ಒಂದು ನೋಟ ತಪ್ಪುವುದಿಲ್ಲ. ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ ಕಬ್ಬು ಹೇರಿಕೊಂಡ ಚಕ್ಕಡಿಗಳು, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಲಾರಿಗಳು ಉದ್ದಕ್ಕೆ ನಿಂತಿರುತ್ತವೆ. ನೊಗ ಕಳಚಿದ ಎತ್ತುಗಳು ಕಬ್ಬಿನ ಸೋಗೆ ಮೆಲ್ಲುತ್ತಿರುತ್ತವೆ. ಚಾಲಕರು ಟ್ರೇಲರಿನ ಕೆಳಗೆ ಹಾಸಿಕೊಂಡು ಮಲಗಿರುತ್ತಾರೆ. 1980ರ ದಶಕದಲ್ಲಿ, ಶಾಲಾ ಬಾಲಕನಾಗಿದ್ದಾಗ, ಅಪ್ಪನ ಚಕ್ಕಡಿಯೊಂದಿಗೆ ನಾನೂ ಇಂತಹ ಒಂದು ಸಾಲಿನಲ್ಲಿ ರಾತ್ರಿ ಕಳೆದಿದ್ದೇನೆ. 'ಒಳಗ ಗಾಣ ನಿಂತೈತಂತ' ಎಂದು ಯಾರೋ ಹೇಳಿದರು. ಎಲ್ಲರೂ ಗಾಣವನ್ನೇ ಬೈದರು. ಗಾಣ ನಿಂತದ್ದು ನಿಜ. ಆದರೆ ಗಾಣಕ್ಕೆ ಏನೂ ಆಗಿರಲಿಲ್ಲ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ಕಥೆಗೆ ಮುಂದೆ ಬರೋಣ.

ಅನೇಕ ಹಂತಗಳಿರುವ ಯಾವುದೇ ಉತ್ಪಾದನೆಯಲ್ಲಿ ಒಟ್ಟು ವೇಗವನ್ನು ನಿರ್ಧರಿಸುವ ಒಂದು ಹಂತ ಇರುತ್ತದೆ. ಬಾಟಲಿಯನ್ನು ಬೋರಲು ಹಾಕಿದಾಗ ನೀರು ಎಷ್ಟು ಬೇಗ ಹೊರಬರುತ್ತದೆ ಎಂಬುದನ್ನು ಅದರ ಹೊಟ್ಟೆಯಲ್ಲ, ಕುತ್ತಿಗೆ ನಿರ್ಧರಿಸುತ್ತದೆ. ಆದ್ದರಿಂದಲೇ ಎಂಜಿನಿಯರುಗಳು ಇಂತಹ ಹಂತವನ್ನು 'ಬಾಟಲ್‌ನೆಕ್' ಎನ್ನುತ್ತಾರೆ. ನಾವು 'ಇಕ್ಕಟ್ಟಿನ ಹಂತ' ಎನ್ನೋಣ. ಅದು ಎಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ? ಕಬ್ಬು ಸಕ್ಕರೆಯಾಗುವ ಕ್ರಿಯೆಯ ಇತಿಹಾಸವೇ ಈ ಪ್ರಶ್ನೆಗೆ ಒಳ್ಳೆಯ ಪಾಠ. ಆ ಇತಿಹಾಸದಲ್ಲಿ ಇಕ್ಕಟ್ಟು ಒಂದು ಕಡೆ ನಿಂತಿಲ್ಲ. ಒಂದು ಹಂತವನ್ನು ಸರಿಪಡಿಸಿದ ಕೂಡಲೇ ಅದು ಇನ್ನೊಂದಕ್ಕೆ ಸರಿದಿದೆ.

ಎತ್ತಿನ ಗಾಣದಲ್ಲಿ

ಕಾರ್ಖಾನೆಗಳು ಬರುವ ಮೊದಲು ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಕಬ್ಬು ಬೆಲ್ಲವಾಗುತ್ತಿತ್ತು. ದಕ್ಷಿಣದವರು ಆಲೆಮನೆ ಎನ್ನುವುದೇ ಈ ಭಾಗದ ಗಾಣ. ಅಲ್ಲಿ ನಾಲ್ಕು ಹಂತಗಳು: ಕಬ್ಬು ಕಡಿದು ತರುವುದು, ಅರೆದು ರಸ ತೆಗೆಯುವುದು, ಕೊಪ್ಪರಿಗೆಯಲ್ಲಿ ಕುದಿಸುವುದು, ಪಾಕದ ಹದ ನೋಡಿ ಇಳಿಸಿ ಅಚ್ಚಿಗೆ ಹಾಕುವುದು. ಎತ್ತು ತಿರುಗಿಸುವ ಗಾಣದಲ್ಲಿ ಅರೆಯುವುದೇ ನಿಧಾನ. ಮರದ ಅಥವಾ ಕಲ್ಲಿನ ಗಾಣದಲ್ಲಿ ಅದು ಇನ್ನೂ ನಿಧಾನ, ರಸವೂ ಪೂರ್ತಿ ಬರುತ್ತಿರಲಿಲ್ಲ. 1870ರ ದಶಕದಲ್ಲಿ ಬಿಹಾರದ ಬಿಹಿಯಾ ಎಂಬಲ್ಲಿ ಥಾಮ್ಸನ್ ಮತ್ತು ಮೈಲ್ನ್ ಎಂಬಿಬ್ಬರು ಎತ್ತು ಎಳೆಯಬಲ್ಲ ಸಣ್ಣ ಕಬ್ಬಿಣದ ಗಾಣವನ್ನು ತಯಾರಿಸಿದರು. ಅದು ಮತ್ತು ಅದರ ಮಾದರಿಗಳು ದೇಶದಲ್ಲೆಲ್ಲ ಹರಡಿದವು. ನಮ್ಮ ಭಾಗಕ್ಕೆ ಈ ಕೆಲಸದಲ್ಲಿ ನೆನಪಾಗುವ ಹೆಸರು ಲಕ್ಷ್ಮಣರಾವ್ ಕಿರ್ಲೋಸ್ಕರ್. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿ, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದ ಇವರ ಕಾರ್ಖಾನೆಯಿಂದ ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರಗಳಂತೆ ಕಬ್ಬಿನ ಗಾಣಗಳೂ ರೈತರಿಗೆ ದೊರೆತವು. ಮುಂದೆ ಎತ್ತಿನ ಬದಲು ಆಯಿಲ್ ಎಂಜಿನ್ ಬಂತು.

ಎಂಜಿನ್ ಬಂದಾಗ ಏನಾಯಿತು? ಒಂದು ಲೆಕ್ಕ ಮಾಡೋಣ. ಒಂದು ಕೊಪ್ಪರಿಗೆಗೆ ಬೇಕಾದ ರಸ ತೆಗೆಯಲು ಎತ್ತಿಗೆ 5 ಗಂಟೆ, ಅದನ್ನು ಕುದಿಸಿ ಇಳಿಸಲು 3 ಗಂಟೆ ಎಂದಿಟ್ಟುಕೊಳ್ಳಿ. ಆಗ ಪ್ರತಿ 5 ಗಂಟೆಗೆ ಒಂದು ಕೊಪ್ಪರಿಗೆ ಬೆಲ್ಲ ಬರುತ್ತದೆ, ಒಲೆ 2 ಗಂಟೆ ಸುಮ್ಮನಿರುತ್ತದೆ. ಎಂಜಿನ್ ಕೂಡಿಸಿದ ಮೇಲೆ ಅದೇ ರಸ ಒಂದೂವರೆ ಗಂಟೆಗೆ ಸಿದ್ಧ. ಅರೆಯುವ ವೇಗ ಮೂರು ಪಟ್ಟಿಗೂ ಹೆಚ್ಚಾಯಿತು. ಬೆಲ್ಲವೂ ಮೂರು ಪಟ್ಟಾಯಿತೇ? ಇಲ್ಲ. ಈಗ ಪ್ರತಿ 3 ಗಂಟೆಗೆ ಒಂದು ಕೊಪ್ಪರಿಗೆ, ಏಕೆಂದರೆ ಒಲೆ ಅದಕ್ಕಿಂತ ಬೇಗ ಕುದಿಸಲಾರದು. ಬೆಲ್ಲ ಹೆಚ್ಚಿದ್ದು ಒಂದೂ ಮುಕ್ಕಾಲು ಪಟ್ಟಿಗೂ ಕಡಿಮೆ. ಇಕ್ಕಟ್ಟು ಗಾಣದಿಂದ ಒಲೆಗೆ ಸರಿಯಿತು. ಗಾಣವನ್ನು ಎಂಜಿನ್ನಿನ ವೇಗಕ್ಕೆ ಓಡಿಸುತ್ತಲೇ ಇದ್ದರೆ ರಸ ಪಾತ್ರೆಗಳಲ್ಲಿ ನಿಂತು ಹುಳಿಯುತ್ತದೆ. ಇನ್ನೊಂದು ಒಲೆ, ಇನ್ನೊಂದು ಕೊಪ್ಪರಿಗೆ ಇಟ್ಟರೆ ಮಾತ್ರ ಎಂಜಿನ್ನಿಗೆ ಹಾಕಿದ ಹಣ ಪೂರ್ತಿ ಕೆಲಸಕ್ಕೆ ಬರುತ್ತದೆ.

ಇಲ್ಲಿ ಭೌತವಿಜ್ಞಾನದ ವಿದ್ಯಾರ್ಥಿಗಳು ಒಂದು ವಿಷಯ ಗಮನಿಸಬೇಕು. ಸರಣಿಯಲ್ಲಿ ಜೋಡಿಸಿದ ರೋಧಕಗಳಲ್ಲಿ ರೋಧಗಳು ಕೂಡುತ್ತವೆ, ಯಾವ ರೋಧಕವನ್ನು ಕಡಿಮೆ ಮಾಡಿದರೂ ವಿದ್ಯುತ್ತು ಸ್ವಲ್ಪವಾದರೂ ಹೆಚ್ಚುತ್ತದೆ. ಉತ್ಪಾದನಾ ಸರಣಿ ಹಾಗಲ್ಲ. ಇಲ್ಲಿ ಒಟ್ಟು ದರ ಎಂಬುದು ಎಲ್ಲ ಹಂತಗಳ ದರಗಳಲ್ಲಿ ಕನಿಷ್ಠವಾದದ್ದು. ಆ ಒಂದನ್ನು ಬಿಟ್ಟು ಬೇರೆ ಯಾವುದನ್ನು ಎಷ್ಟೇ ಸುಧಾರಿಸಿದರೂ ಫಲ ಸೊನ್ನೆ. ಬೆಳೆಯ ಇಳುವರಿಯನ್ನು ಅತಿ ಕೊರತೆಯಿರುವ ಪೋಷಕಾಂಶವೇ ನಿರ್ಧರಿಸುತ್ತದೆ ಎಂದು 19ನೆಯ ಶತಮಾನದಲ್ಲಿ ಜರ್ಮನಿಯ ಸ್ಪ್ರೆಂಗೆಲ್ ಹಾಗೂ ಲೀಬಿಗ್ ಹೇಳಿದ 'ಕನಿಷ್ಠದ ನಿಯಮ'ವೂ ಇದೇ ಜಾತಿಯದು.

ಉರಿಯ ಲೆಕ್ಕ

ಇದೇ ಒಲೆಯ ಇಕ್ಕಟ್ಟು ಜಗತ್ತಿನ ಬೇರೆಡೆ ಇನ್ನೂ ದೊಡ್ಡ ಪ್ರಮಾಣದಲ್ಲಿ ಎದುರಾಗಿತ್ತು. ಕೆರಿಬಿಯನ್ ದ್ವೀಪಗಳಲ್ಲಿ, ಅಮೆರಿಕದ ಲೂಸಿಯಾನಾದಲ್ಲಿ ಸಾಲಾಗಿ ಇಟ್ಟ ಕಡಾಯಿಗಳಲ್ಲಿ ಕುದಿಯುವ ರಸವನ್ನು ಗುಲಾಮರು ಸೌಟಿನಿಂದ ಒಂದರಿಂದ ಇನ್ನೊಂದಕ್ಕೆ ಸುರಿಯುತ್ತಿದ್ದರು. ಮೈಸುಟ್ಟುಕೊಳ್ಳುವುದು ಸಾಮಾನ್ಯವಾಗಿತ್ತು. ಸೌದೆ ಲೆಕ್ಕವಿಲ್ಲದಷ್ಟು ಬೇಕಾಗುತ್ತಿತ್ತು.

ಎಷ್ಟು ಉರಿ ಬೇಕು? ನೀವೇ ಲೆಕ್ಕ ಹಾಕಬಹುದು. 100 ಕಿಗ್ರಾಂ ರಸದಲ್ಲಿ 15 ಕಿಗ್ರಾಂ ಕರಗಿದ ಘನ ಪದಾರ್ಥವಿದೆ ಎನ್ನಿ. ಅದನ್ನು ಶೇ 60 ಸಾಂದ್ರತೆಯ ಪಾಕ ಮಾಡಿದರೆ ಉಳಿಯುವುದು 25 ಕಿಗ್ರಾಂ. ಅಂದರೆ 75 ಕಿಗ್ರಾಂ ನೀರು ಆವಿಯಾಗಬೇಕು. ನೀರಿನ ಗುಪ್ತೋಷ್ಣ ಕಿಗ್ರಾಂಗೆ ಸುಮಾರು 2,260 ಕಿಲೋಜೂಲ್. ಒಟ್ಟು ಸುಮಾರು 1,70,000 ಕಿಲೋಜೂಲ್ ಬೇಕು. ಕಾರ್ಖಾನೆಯಲ್ಲಿ ಅರೆಯುವಾಗ ನೀರು ಚಿಮುಕಿಸುವುದರಿಂದ 100 ಕಿಗ್ರಾಂ ಕಬ್ಬಿಗೆ ಹೆಚ್ಚುಕಡಿಮೆ 100 ಕಿಗ್ರಾಂ ರಸವೇ ಬರುತ್ತದೆ. ಅಷ್ಟೇ ಕಬ್ಬಿನಿಂದ ಅರ್ಧದಷ್ಟು ತೇವಾಂಶವುಳ್ಳ ಸುಮಾರು 30 ಕಿಗ್ರಾಂ ಹಿಪ್ಪೆ ಸಿಗುತ್ತದೆ. ಒಂದು ಕಿಗ್ರಾಂ ಹಸಿ ಹಿಪ್ಪೆ ಉರಿದರೆ ಸುಮಾರು 7,500 ಕಿಲೋಜೂಲ್. ಒಟ್ಟು 2,25,000. ಬಾಯ್ಲರಿನಲ್ಲಿ ಅದರ ಮೂರನೇ ಎರಡು ಭಾಗ ದಕ್ಕಿದರೂ 1,50,000. ನೋಡಿ, ರಸ ಇಂಗಿಸುವುದಕ್ಕೇ ಸಾಲದು! ಗಾಣ ತಿರುಗಿಸಲು, ಹರಳು ಕಟ್ಟಿಸಲು ಬೇಕಾದ ಆವಿ ಬೇರೆ. ಹೀಗೆ ಇಕ್ಕಟ್ಟು ಕೊಪ್ಪರಿಗೆಯ ಗಾತ್ರದಲ್ಲಿರಲಿಲ್ಲ, ಉರುವಲಿನಲ್ಲಿತ್ತು.

ಮೊದಲ ಹೆಜ್ಜೆ ಇಟ್ಟವರು ಇಂಗ್ಲೆಂಡಿನ ರಸಾಯನ ವಿಜ್ಞಾನಿ ಎಡ್ವರ್ಡ್ ಚಾರ್ಲ್ಸ್ ಹೊವರ್ಡ್. ಒತ್ತಡ ತಗ್ಗಿಸಿದರೆ ಕುದಿಬಿಂದು ತಗ್ಗುತ್ತದೆ ಎಂಬ ತತ್ತ್ವ ಬಳಸಿ 1812-13ರಲ್ಲಿ ಅವರು ಮುಚ್ಚಿದ ನಿರ್ವಾತ ಪಾತ್ರೆಯನ್ನು ರೂಪಿಸಿದರು. ಪಾಕ ಸೀಯುವುದು ತಪ್ಪಿತು. ಆದರೆ ಎದ್ದ ಆವಿಯ ಶಾಖ ಇನ್ನೂ ವ್ಯರ್ಥವಾಗುತ್ತಿತ್ತು. ಆ ಆವಿಯನ್ನೇ ಮತ್ತೆ ದುಡಿಸಿದವರು ನಾರ್ಬರ್ಟ್ ರಿಲ್ಯೂ. 1806ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ, ಆಫ್ರಿಕನ್ ಮೂಲದ ತಾಯಿಗೆ ಹುಟ್ಟಿದ ಇವರು ಪ್ಯಾರಿಸ್ಸಿನಲ್ಲಿ ಎಂಜಿನಿಯರಿಂಗ್ ಕಲಿತರು. ಒಂದು ಪಾತ್ರೆಯಿಂದ ಎದ್ದ ಆವಿಯನ್ನು ಎರಡನೆಯ ಪಾತ್ರೆಯ ಕೊಳವೆಗಳಿಗೆ ಹಾಯಿಸಿದರು. ಎರಡನೆಯದರಲ್ಲಿ ಒತ್ತಡ ಕಡಿಮೆ, ಆದ್ದರಿಂದ ಅದು ಆ ಆವಿಯ ಶಾಖಕ್ಕೇ ಕುದಿಯುತ್ತದೆ. ಅದರ ಆವಿ ಮೂರನೆಯದಕ್ಕೆ. ಇದಕ್ಕೆ 1843 ಮತ್ತು 1846ರಲ್ಲಿ ಪೇಟೆಂಟ್ ಪಡೆದರು. ಹೀಗೆ ನಾಲ್ಕು ಪಾತ್ರೆ ಜೋಡಿಸಿದರೆ ಬೇಕಾಗುವ ಹೊಸ ಆವಿ ಸುಮಾರು ನಾಲ್ಕನೇ ಒಂದು ಭಾಗ. ನಮ್ಮ ಲೆಕ್ಕದ 1,70,000 ಕಿಲೋಜೂಲ್ ಸುಮಾರು 42,000ಕ್ಕೆ ಇಳಿಯಿತು. ಹಿಪ್ಪೆ ಸಾಕಾಯಿತು ಮಾತ್ರವಲ್ಲ, ಮಿಕ್ಕಿತು. ಇಂದು ನಮ್ಮ ಕಾರ್ಖಾನೆಗಳು ಹಿಪ್ಪೆಯಿಂದ ವಿದ್ಯುತ್ ತಯಾರಿಸಿ ಮಾರುತ್ತಿರುವುದರ ಮೂಲ ಇಲ್ಲಿದೆ.

ವಾರಗಳಿಂದ ನಿಮಿಷಗಳಿಗೆ

ಉರಿಯ ಇಕ್ಕಟ್ಟು ಕಳೆಯಿತು. ಆಗ ಕಾಣಿಸಿಕೊಂಡದ್ದು ಕೊನೆಯ ಹಂತ. ಹರಳುಗಳ ನಡುವೆ ಉಳಿದ ಕಾಕಂಬಿಯನ್ನು ಬೇರ್ಪಡಿಸಲು ಪಾಕವನ್ನು ಶಂಕುವಿನಾಕಾರದ ಮಡಕೆಗಳಲ್ಲಿ ತುಂಬಿ, ತಳದ ತೂತಿನಿಂದ ಅದು ತಾನಾಗಿ ಸೋರುವವರೆಗೆ ವಾರಗಟ್ಟಲೆ ಕಾಯಬೇಕಿತ್ತು. 19ನೆಯ ಶತಮಾನದ ಮಧ್ಯದಲ್ಲಿ ತೂತುಗಳಿರುವ ಬುಟ್ಟಿಯನ್ನು ವೇಗವಾಗಿ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರ ಈ ಕೆಲಸಕ್ಕೆ ಬಂತು. ಹವಾಯಿಯಲ್ಲಿ ಡೇವಿಡ್ ವೆಸ್ಟನ್ ಅದನ್ನು ಸಕ್ಕರೆಗೆ ಹೊಂದಿಸಿದವರಲ್ಲಿ ಪ್ರಮುಖರು.

ಅದರ ಬಲ ಎಷ್ಟು? 1.2 ಮೀಟರ್ ವ್ಯಾಸದ ಬುಟ್ಟಿ ನಿಮಿಷಕ್ಕೆ 1,000 ಸುತ್ತು ತಿರುಗಿದರೆ ಅಂಚಿನಲ್ಲಿ ವೇಗೋತ್ಕರ್ಷ ಗುರುತ್ವದ ಸುಮಾರು 670 ಪಟ್ಟು. ಸೋರುವ ದರ ಬಲಕ್ಕೆ ಅನುಪಾತದಲ್ಲಿದೆ ಎಂದರೆ, ಮೂರು ವಾರದ ಕೆಲಸ ಮುಕ್ಕಾಲು ಗಂಟೆಗೆ ಇಳಿಯುತ್ತದೆ. ಪದರ ತೆಳುವಾಗಿ, ಪಾಕ ಬಿಸಿಯಾಗಿದ್ದರೆ ಕೆಲವೇ ನಿಮಿಷ ಸಾಕು.

ಇಲ್ಲೊಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಹೆಚ್ಚು ಹೊತ್ತು ತೆಗೆದುಕೊಳ್ಳುವ ಹಂತವೇ ಇಕ್ಕಟ್ಟಿನ ಹಂತ ಎಂದು ಅನೇಕರು ಭಾವಿಸುತ್ತಾರೆ. ಹಾಗೇನಿಲ್ಲ. ನೋಡಬೇಕಾದ್ದು ಕಾಲವನ್ನಲ್ಲ, ದರವನ್ನು. ಮಡಕೆಗಳಲ್ಲಿ ಮೂರು ವಾರ ಹಿಡಿದರೂ ಸಾವಿರಾರು ಮಡಕೆಗಳಿದ್ದರೆ ದಿನವೂ ಬೇಕಾದಷ್ಟು ಸಕ್ಕರೆ ಹೊರಬರುತ್ತದೆ. ಆಗ ಇಕ್ಕಟ್ಟಾಗುವುದು ಮಡಕೆ ಇಡುವ ಜಾಗ. ಇಂದಿನ ಕಾರ್ಖಾನೆಯಲ್ಲೂ ಹರಳು ಬೆಳೆಸುವ ತೊಟ್ಟಿಗಳಲ್ಲಿ ಪಾಕ ಗಂಟೆಗಟ್ಟಲೆ ಇರುತ್ತದೆ. ತೊಟ್ಟಿಗಳು ಸಾಕಷ್ಟಿದ್ದರೆ ಅದರಿಂದ ತೊಂದರೆಯಿಲ್ಲ.

ಉಗಾರದ ನಂತರ

1932ರಲ್ಲಿ ಸರ್ಕಾರ ಸಕ್ಕರೆ ಉದ್ಯಮಕ್ಕೆ ಆಮದು ಸುಂಕದ ರಕ್ಷಣೆ ಕೊಟ್ಟಿತು. ಆಗ ದೇಶದಲ್ಲಿ ಸುಮಾರು 30ರಷ್ಟಿದ್ದ ಆಧುನಿಕ ಕಾರ್ಖಾನೆಗಳು ಐದಾರು ವರ್ಷಗಳಲ್ಲಿ 130ನ್ನು ದಾಟಿದವು. ಮಂಡ್ಯದ ಮೈಸೂರು ಸಕ್ಕರೆ ಕಂಪನಿ 1933ರದು. ಕೃಷ್ಣೆಯ ದಂಡೆಯಲ್ಲಿ, ಇಂದಿನ ಕಾಗವಾಡ ತಾಲ್ಲೂಕಿನ ಉಗಾರ ಖುರ್ದದಲ್ಲಿ, ಶಿರಗಾವಕರ ಮನೆತನದವರು 1939ರಲ್ಲಿ ಉಗಾರ ಶುಗರ್ ವರ್ಕ್ಸ್ ಸ್ಥಾಪಿಸಿದರು. ಮುಂದೆ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ, ರಾಯಬಾಗದ ಕಾರ್ಖಾನೆ ಹೀಗೆ ಸಹಕಾರಿ ರಂಗದಲ್ಲಿ ಒಂದೊಂದಾಗಿ ಬಂದವು. ಹೊವರ್ಡ್, ರಿಲ್ಯೂ, ವೆಸ್ಟನ್ ಅವರ ಯಂತ್ರಗಳ ವಂಶಸ್ಥರೆಲ್ಲ ಇಲ್ಲಿ ಒಂದೇ ಸೂರಿನಡಿ ಸೇರಿದರು. ಹಂತಗಳು ಹೆಚ್ಚಾದವು, ಇಕ್ಕಟ್ಟು ಹುಡುಕುವುದೂ ಕಷ್ಟವಾಯಿತು.

ಒಂದು ಕಲ್ಪಿತ ಕಾರ್ಖಾನೆಯನ್ನು ತೆಗೆದುಕೊಳ್ಳೋಣ. ಎಲ್ಲ ಹಂತಗಳ ಸಾಮರ್ಥ್ಯವನ್ನು ಒಂದೇ ಮಾನದಲ್ಲಿ, ಅಂದರೆ ಗಂಟೆಗೆ ಎಷ್ಟು ಟನ್ ಕಬ್ಬಿಗೆ ಸಮ ಎಂದು ಬರೆದುಕೊಳ್ಳಬೇಕು. ಗಾಣ 105, ರಸ ಶುದ್ಧೀಕರಣ 115, ಬಾಷ್ಪೀಕರಣ 110, ನಿರ್ವಾತ ಪಾತ್ರೆ 95, ಸೆಂಟ್ರಿಫ್ಯೂಜ್ 120. ಕನಿಷ್ಠ 95, ಆದ್ದರಿಂದ ನಿರ್ವಾತ ಪಾತ್ರೆಯೇ ಇಕ್ಕಟ್ಟು. ಆದರೆ ಹೊರಗೆ ನಿಂತ ನಿಮಗೆ ಏನು ಕಾಣುತ್ತದೆ? ಮೊದಲು ಪಾಕದ ತೊಟ್ಟಿ ತುಂಬುತ್ತದೆ. ಬಾಷ್ಪೀಕರಣದವರು ನಿಧಾನ ಮಾಡುತ್ತಾರೆ. ಆಗ ರಸದ ತೊಟ್ಟಿ ತುಂಬುತ್ತದೆ. ಗಾಣದವರು ಗಾಣ ನಿಲ್ಲಿಸುತ್ತಾರೆ. ಆಗ ಗೇಟಿನಲ್ಲಿ ಚಕ್ಕಡಿಗಳ ಸಾಲು ಬೆಳೆಯುತ್ತದೆ. ಸಾಲು ಕಾಣುವುದು ಗೇಟಿನಲ್ಲಿ, ನಿಂತಂತೆ ಕಾಣುವುದು ಗಾಣ, ಇಕ್ಕಟ್ಟು ಇರುವುದು ಮೂರು ಹಂತ ಒಳಗೆ!

ಹುಡುಕುವ ವಿಧಾನ ಇಷ್ಟೆ: ಸಾಲು ಕಂಡಲ್ಲಿ ನಿಲ್ಲಬೇಡಿ, ಅಲ್ಲಿಂದ ಮುಂದೆ ನಡೆಯಿರಿ. ತುಂಬಿದ ತೊಟ್ಟಿಗಳನ್ನು ದಾಟುತ್ತ ಹೋಗಿ. ಕೊನೆಯ ತುಂಬಿದ ತೊಟ್ಟಿ ಮತ್ತು ಮೊದಲ ಖಾಲಿ ತೊಟ್ಟಿಯ ನಡುವೆ ಯಾವ ಹಂತವಿದೆಯೋ ಅದೇ ಇಕ್ಕಟ್ಟು. ಖಚಿತಪಡಿಸಿಕೊಳ್ಳಲು ಆ ಹಂತದ ಸಾಮರ್ಥ್ಯವನ್ನು ಸ್ವಲ್ಪ ಹೆಚ್ಚಿಸಿ ಅಂತಿಮ ಉತ್ಪನ್ನ ಹೆಚ್ಚುತ್ತದೆಯೇ ನೋಡಿ. ಹೆಚ್ಚದಿದ್ದರೆ ನಿಮ್ಮ ಊಹೆ ತಪ್ಪು.

ಈಗ ನನ್ನ ಬಾಲ್ಯದ ಆ ರಾತ್ರಿಗೆ ಬರುತ್ತೇನೆ. ರಸ ಕುದಿಯುವ ಕೊಳವೆಗಳ ಒಳಗೋಡೆಗೆ ದಿನ ಕಳೆದಂತೆ ಸುಣ್ಣದಂತಹ ಗಟ್ಟಿ ಪದರ ಕಟ್ಟುತ್ತದೆ. ಅದು ಶಾಖವನ್ನು ಸರಿಯಾಗಿ ಹಾಯಗೊಡುವುದಿಲ್ಲ. ಬಾಷ್ಪೀಕರಣದ ದರ ದಿನದಿನಕ್ಕೆ ಇಳಿದು ಒಂದು ದಿನ ಗಾಣದ ದರಕ್ಕಿಂತ ಕೆಳಗೆ ಬರುತ್ತದೆ. ಆಗ ಎಲ್ಲ ನಿಲ್ಲಿಸಿ ಕೊಳವೆ ಕೆರೆಯಬೇಕು. ಅಂದು ನಾವು ಕಾದದ್ದು ಆ ಕೆಲಸಕ್ಕಾಗಿ. ಒಂದೇ ಕಾರ್ಖಾನೆಯಲ್ಲಿ, ಒಂದೇ ಹಂಗಾಮಿನಲ್ಲಿ, ಕೆಲವೇ ದಿನಗಳ ಅಂತರದಲ್ಲಿ ಇಕ್ಕಟ್ಟು ಹೀಗೆ ಸ್ಥಳ ಬದಲಿಸುತ್ತದೆ. ಕೊಳವೆ ಕೆರೆಯುವ ದಿನ ಮೊದಲೇ ಗೊತ್ತಿತ್ತು. ಆದರೆ ಆ ಸುದ್ದಿ ಕಬ್ಬು ಕಡಿಯುವವರಿಗೆ ತಲುಪಿರಲಿಲ್ಲ.

ಸಾಲಿನ ಗಣಿತ

ಈ ಅನುಭವಗಳಿಗೆ ಸೂತ್ರದ ರೂಪ ಸಿಕ್ಕಿದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ. ಭೌತವಿಜ್ಞಾನ ಓದಿದ ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಒಂದು ಸರಳ ಸಂಬಂಧವನ್ನು ಸಾಧಿಸಿ ತೋರಿಸಿದರು: ಸಾಲಿನಲ್ಲಿರುವ ಮೊತ್ತ = ದರ × ಕಾಯುವ ಕಾಲ. ಇಸ್ರೇಲಿನ ಎಲಿಯಾಹು ಗೋಲ್ಡ್‌ರಾಟ್ ಕೂಡ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. 1984ರಲ್ಲಿ 'ದಿ ಗೋಲ್' ಎಂಬ ಕಾದಂಬರಿಯ ಮೂಲಕ ಅವರು ಇಕ್ಕಟ್ಟಿನ ಸಿದ್ಧಾಂತವನ್ನು ಜನಪ್ರಿಯಗೊಳಿಸಿದರು. ಇಕ್ಕಟ್ಟಿನ ಹಂತದಲ್ಲಿ ಕಳೆದ ಒಂದು ಗಂಟೆ ಇಡೀ ಕಾರ್ಖಾನೆ ಕಳೆದುಕೊಂಡ ಒಂದು ಗಂಟೆ. ಬೇರೆ ಹಂತದಲ್ಲಿ ಉಳಿಸಿದ ಗಂಟೆ ಬರಿ ಭ್ರಮೆ ಎಂಬುದು ಅವರ ವಾದದ ಸಾರ. ಇಕ್ಕಟ್ಟಿನ ಹಂತ ಡೋಲು ಬಾರಿಸಬೇಕು, ಉಳಿದವು ಅದರ ತಾಳಕ್ಕೆ ನಡೆಯಬೇಕು. ಡೋಲು ನಿಲ್ಲದಂತೆ ಅದರ ಮುಂದೆ ಸ್ವಲ್ಪ ದಾಸ್ತಾನು ಇರಬೇಕು. ಆ ದಾಸ್ತಾನು ಬೆಳೆಯದಂತೆ ಮೊದಲ ಹಂತವನ್ನು ಹಗ್ಗದಿಂದ ಹಿಡಿದು ನಿಲ್ಲಿಸಬೇಕು.

ನಮ್ಮ ಭಾಗದ ರೈತರಿಗೆ ಈ ಹಗ್ಗ ಹೊಸದಲ್ಲ. ಇಂಥ ದಿನ ಇಂಥ ಹೊಲದ ಕಬ್ಬು ಕಡಿಯಿರಿ ಎಂದು ಕಾರ್ಖಾನೆ ಕೊಡುವ ಚೀಟಿಯೇ ಆ ಹಗ್ಗ. ಅದು ಸಡಿಲಾದಾಗ ಏನಾಗುತ್ತದೆ? ಲಿಟಲ್ ಸೂತ್ರ ಹಾಕಿ ನೋಡಿ. ದಿನಕ್ಕೆ 2,500 ಟನ್ ನುರಿಸುವ ಕಾರ್ಖಾನೆಯ ಮುಂದೆ 3,750 ಟನ್ ಕಬ್ಬು ನಿಂತಿದ್ದರೆ ಕಾಯುವ ಕಾಲ ಒಂದೂವರೆ ದಿನ. 500 ಟನ್ ನಿಂತಿದ್ದರೆ 5 ಗಂಟೆಗೂ ಕಡಿಮೆ. ಎರಡೂ ಸಂದರ್ಭದಲ್ಲಿ ಕಾರ್ಖಾನೆ ನುರಿಸುವುದು ಅದೇ 2,500 ಟನ್. ಉದ್ದ ಸಾಲಿನಿಂದ ಒಂದು ಕಾಳು ಸಕ್ಕರೆಯೂ ಹೆಚ್ಚು ಬರುವುದಿಲ್ಲ.

ಆದರೆ ನಷ್ಟವಾಗುತ್ತದೆ. ಕಡಿದ ಕಬ್ಬು ಒಣಗುತ್ತದೆ. ದಿನಕ್ಕೆ ತೂಕದ ಶೇ 1ರಷ್ಟು ಮಾತ್ರ ಹೋಗುತ್ತದೆ ಎಂದು ಹಿಡಿದರೂ ಮೊದಲ ಸಂದರ್ಭದಲ್ಲಿ ಪ್ರತಿದಿನ ಸುಮಾರು 37 ಟನ್, ಎರಡನೆಯದರಲ್ಲಿ ಸುಮಾರು 5 ಟನ್. 150 ದಿನಗಳ ಹಂಗಾಮಿನಲ್ಲಿ ಈ ವ್ಯತ್ಯಾಸ 4,800 ಟನ್ ದಾಟುತ್ತದೆ. ಕಬ್ಬಿನ ತೂಕವಾಗುವುದು ಕಾದ ನಂತರ, ಕಾರ್ಖಾನೆಯ ತೂಕದ ಸೇತುವೆಯ ಮೇಲೆ. ಆದ್ದರಿಂದ ಆ ನಷ್ಟ ರೈತನದು. ಕಡಿಯುವ ಟೋಳಿಗೂ ಟನ್ ಲೆಕ್ಕದಲ್ಲೇ ಕೂಲಿ. ಚಕ್ಕಡಿಯವನು ಕಾದ ಹೊತ್ತಿಗೆ ಬಾಡಿಗೆಯಿಲ್ಲ.

ಕಾರ್ಖಾನೆಗೂ ಇದರಿಂದ ಲಾಭವಿಲ್ಲ. ಕಡಿದ ಕಬ್ಬಿನಲ್ಲಿ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅವು ಹರಳುಗಟ್ಟುವುದಿಲ್ಲ. ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯ ಸುಕ್ರೋಸನ್ನು ಡೆಕ್ಸ್‌ಟ್ರಾನ್ ಎಂಬ ಅಂಟು ಪದಾರ್ಥವಾಗಿ ಮಾರ್ಪಡಿಸುತ್ತದೆ. ಅಂಟು ಹೆಚ್ಚಿದರೆ ಸೋಸುವುದು, ಹರಳು ಬೆಳೆಸುವುದು ಎರಡೂ ನಿಧಾನ. ಗೇಟಿನ ಸಾಲು ಒಳಗೆ ಹೊಸ ಇಕ್ಕಟ್ಟನ್ನು ಹುಟ್ಟಿಸುತ್ತದೆ, ಆ ಇಕ್ಕಟ್ಟು ಸಾಲನ್ನು ಇನ್ನಷ್ಟು ಬೆಳೆಸುತ್ತದೆ! ಕಡಿದ 24 ಗಂಟೆಯೊಳಗೆ ಕಬ್ಬು ನುರಿಸಬೇಕೆಂದು ಹೇಳುವುದು ಇದಕ್ಕಾಗಿಯೇ. ಈಚೆಗೆ ಕೂಲಿಯವರ ಕೊರತೆಯಿಂದ ಕಟಾವು ಯಂತ್ರಗಳು ಬಂದಿವೆ. ಅವು ಕಬ್ಬನ್ನು ತುಂಡುತುಂಡಾಗಿ ಕತ್ತರಿಸುವುದರಿಂದ ಕೆಡುವ ತುದಿಗಳು ಹೆಚ್ಚು, ಕೆಡುವುದೂ ಬೇಗ. ಕಟಾವಿನ ಇಕ್ಕಟ್ಟು ಕಳೆದರೆ ಸಾಲದು, ಹಗ್ಗ ಇನ್ನೂ ಬಿಗಿಯಾಗಬೇಕು.

ದಾಸ್ತಾನು ಬೇಕೇ ಬೇಕು. ಅದು ಎಲ್ಲಿರಬೇಕು ಎಂಬುದು ಪ್ರಶ್ನೆ. ಹೊಲದಲ್ಲಿ ನಿಂತ ಕಬ್ಬು ಜೀವಂತ, ಒಂದೆರಡು ದಿನದಲ್ಲಿ ಕೆಡುವುದಿಲ್ಲ. ಕಡಿದ ಕಬ್ಬು ಗಂಟೆಗಂಟೆಗೂ ಕೆಡುತ್ತದೆ. ಆದ್ದರಿಂದ ದೊಡ್ಡ ದಾಸ್ತಾನು ಹೊಲದಲ್ಲಿರಲಿ, ಅಂಗಳದಲ್ಲಿ ಕೆಲವು ಗಂಟೆಗಳಷ್ಟು ಮಾತ್ರ ಇರಲಿ. ಒಳಗಿನ ಇಕ್ಕಟ್ಟು ಇಂದು ಎಲ್ಲಿದೆ, ನಾಳೆ ಯಾವ ಹಂತ ನಿಲ್ಲಲಿದೆ ಎಂಬ ಸುದ್ದಿ ಆ ಹೊತ್ತಿಗೇ ಹೊಲ ತಲುಪಲಿ. ಇಂದು ಪ್ರತಿಯೊಂದು ಟೋಳಿಯಲ್ಲೂ ಮೊಬೈಲ್ ಇದೆ. ಬೇಕಾದ್ದು ಹೊಸ ಯಂತ್ರವಲ್ಲ, ಲೆಕ್ಕ ಮತ್ತು ಸುದ್ದಿ.

ಶಿಕ್ಷಕರಿಗೆ ಒಂದು ಸಲಹೆ. ಹಂಗಾಮಿನಲ್ಲಿ ನಿಮ್ಮ ವಿದ್ಯಾರ್ಥಿಗಳನ್ನು ಹತ್ತಿರದ ಬೆಲ್ಲದ ಗಾಣಕ್ಕೆ ಕರೆದೊಯ್ಯಿರಿ. ಗಡಿಯಾರ, ನೋಟುಪುಸ್ತಕ ಸಾಕು. ಪ್ರತಿ ಹಂತದ ದರವನ್ನು ಒಂದೇ ಮಾನದಲ್ಲಿ ಬರೆಯಲಿ. ಎಲ್ಲಿ ರಾಶಿ ಬಿದ್ದಿದೆ, ಎಲ್ಲಿ ಕೈ ಖಾಲಿಯಿದೆ ಎಂದು ಗುರುತಿಸಲಿ. ಇಕ್ಕಟ್ಟು ಎಲ್ಲಿದೆ ಎಂದು ಮೊದಲು ಊಹಿಸಿ ಬರೆಯಲಿ, ಆಮೇಲೆ ಅಳೆಯಲಿ. ಊಹೆ ತಪ್ಪಾದವರೇ ಆ ದಿನ ಹೆಚ್ಚು ಕಲಿತಿರುತ್ತಾರೆ. ಮರಳುವಾಗ ದಾರಿಯಲ್ಲಿ ಕಾರ್ಖಾನೆಯ ಗೇಟಿನ ಸಾಲು ಸಿಕ್ಕರೆ, ಟ್ರ್ಯಾಕ್ಟರುಗಳನ್ನು ಎಣಿಸಿ ಕಾಯುವ ಕಾಲವನ್ನು ಲೆಕ್ಕ ಹಾಕಲಿ. ನಂತರ ಸಾಲಿನಲ್ಲಿ ನಿಂತ ರೈತನನ್ನೇ ಕೇಳಲಿ. ಅವರ ಉತ್ತರ ಸೂತ್ರದ ಉತ್ತರಕ್ಕೆ ಎಷ್ಟು ಹತ್ತಿರವಿದೆ ಎಂದು ನೀವೇ ನೋಡುವಿರಿ.